ಬಾವಲಿ–ಬೆಕ್ಕಿನ ಮದುವೆ ಪ್ರಕರಣ

ವಿಹಾರ ನೌಕೆಯಲ್ಲಿ ಶ್ರೀಮಂತರ ಔತಣ. ಕಾಲು ಉಳುಕಿಸಿಕೊಂಡು ಪಟ್ಟಿ ಸುತ್ತಿಕೊಂಡಿದ್ದ ಮುದುಕಿಯೊಬ್ಬಳು ಬೆಂಕಿಯ ಗುಲ್ಲೆದ್ದ ತಕ್ಷಣ ಹುಡುಗಿಯಂತೆ ಓಡುತ್ತಾಳೆ. ಬ್ಯಾಟ್‌ಮನ್ ಹಿಡಿದು ಪಟ್ಟಿ ಬಿಚ್ಚಿದರೆ ಒಳಗೆ ಕದ್ದ ಹಾರ, ವೇಷ ಕಳಚಿದರೆ ಚೆಲುವೆ. ಆಮೇಲೆ ಅವಳು ನೀರಿಗೆ ಹಾರಿದಾಗ, ಬೆನ್ನಟ್ಟಲು ಹೊರಟ ರಾಬಿನ್‌ಗೆ ಬ್ಯಾಟ್‌ಮನ್ನೇ ಅಡ್ಡ ಬರುತ್ತಾನೆ. ಬೇಕೆಂದೇ!

ಬಿಲ್ ಫಿಂಗರ್ ಮತ್ತು ಬಾಬ್ ಕೇನ್ 1940ರಲ್ಲಿ ‘ಬ್ಯಾಟ್‌ಮನ್’ ಕಾಮಿಕ್ಸಿನ ಮೊದಲ ಸಂಚಿಕೆಗೆ ಹೆಣೆದ ಕಥೆಯಿದು. ಆಗ ಅವಳ ಹೆಸರು ಬರೀ ‘ಕ್ಯಾಟ್’. ಕ್ಯಾಟ್‌ವುಮನ್ ಆದದ್ದು ಆಮೇಲೆ.

ಹತ್ತು ವರ್ಷ ಕದ್ದವಳನ್ನು ಒಳ್ಳೆಯವಳನ್ನಾಗಿ ಮಾಡುವುದು ಹೇಗೆ? 62ನೇ ಸಂಚಿಕೆಯ ಲೇಖಕರು ಸುಲಭದ ದಾರಿ ಹಿಡಿದರು. ತಲೆಗೆ ಪೆಟ್ಟು ಬಿದ್ದು ಅವಳಿಗೆ ಹಳೆಯದೆಲ್ಲ ನೆನಪಾಗುತ್ತದೆ: ತಾನು ಸೆಲೀನಾ ಕೈಲ್, ವಿಮಾನದ ಗಗನಸಖಿ, ಅಪಘಾತದಲ್ಲಿ ನೆನಪು ಕಳೆದುಕೊಂಡು ಕಳ್ಳಿಯಾದವಳು. ಪಶ್ಚಾತ್ತಾಪದ ಗೋಜೇ ಇಲ್ಲ. ಅವಳು ಸಾಕುಪ್ರಾಣಿಗಳ ಅಂಗಡಿ ತೆರೆದಳು, ಪೊಲೀಸರಿಗೆ ನೆರವಾದಳು. ಆದರೆ 1954ರ ಆರಂಭದ ಕಥೆಯೊಂದರಲ್ಲಿ, ಅವಳು ಸೋತ ಹಳೆಯ ಪ್ರಸಂಗಗಳನ್ನು ಪತ್ರಿಕೆಯೊಂದು ಅಚ್ಚು ಹಾಕಿತು. ಪಾತಕಲೋಕ ನಕ್ಕಿತು, ಅವಳು ಮತ್ತೆ ಕಳ್ಳತನಕ್ಕಿಳಿದಳು.

ಅದೇ ವರ್ಷ ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಪುಸ್ತಕ ಬರೆದರು. ಹೆದರಿದ ಪ್ರಕಾಶಕರು ತಮಗೆ ತಾವೇ ನೀತಿಸಂಹಿತೆ ವಿಧಿಸಿಕೊಂಡರು. ಅಪರಾಧಿಯ ಮೇಲೆ ಓದುಗರಿಗೆ ಕನಿಕರ ಹುಟ್ಟಬಾರದು ಎಂಬುದು ಅದರ ನಿಯಮಗಳಲ್ಲೊಂದು. ನಾಯಕನೇ ಮನಸೋತ ಕಳ್ಳಿಗೆ ಅಲ್ಲಿ ಜಾಗವೆಲ್ಲಿ? 1966ರವರೆಗೆ ಅವಳು ಕಾಮಿಕ್ಸಿನಲ್ಲಿ ಮುಖ ತೋರಿಸಲಿಲ್ಲ. ಟಿವಿ ಧಾರಾವಾಹಿಯಲ್ಲಿ ಅವಳ ಪಾತ್ರವಾಗಿ ಜೂಲಿ ನ್ಯೂಮಾರ್ ಮಿಂಚಿದ್ದೂ ಆ ವರ್ಷವೇ.

1977ರಲ್ಲಿ ಪ್ರಕಾಶನ ಸಂಸ್ಥೆ ಡಿಸಿ ಬ್ಯಾಟ್‌ಮನ್–ಸೆಲೀನಾರ ಮದುವೆಯನ್ನೇನೋ ಮಾಡಿಸಿತು, ಹೆಲೆನಾ ಎಂಬ ಮಗಳನ್ನೂ ಕೊಟ್ಟಿತು. ಆದರೆ ಅದೆಲ್ಲ ‘ಅರ್ಥ್–ಟೂ’ ಎಂಬ ಪರ್ಯಾಯ ಲೋಕದಲ್ಲಿ. ತಿಂಗಳು ತಿಂಗಳು ಮಾರಾಟವಾಗಬೇಕಾದ ಬ್ಯಾಟ್‌ಮನ್ ಮಾತ್ರ ಬ್ರಹ್ಮಚಾರಿಯಾಗಿಯೇ ಉಳಿದ. ಆ ದಾಂಪತ್ಯದ ಹಿಂದಿನ ಕಥೆಯನ್ನು 1983ರಲ್ಲಿ ಬರೆದ ಅಲನ್ ಬ್ರೆನರ್ಟ್ ಒಂದು ಜಾಣತನ ಮೆರೆದರು. ನೆನಪು ಹೋಗಿದ್ದೇ ಸುಳ್ಳು, ಕಳ್ಳತನದಿಂದ ಹೊರಬರಲು ನೆಪ ಬೇಕಿತ್ತು ಎಂದು ಸೆಲೀನಾಳಿಂದಲೇ ಹೇಳಿಸಿದರು. ಹಿಂಸಿಸುತ್ತಿದ್ದ ಗಂಡನ ಕಪಾಟು ಒಡೆದು ತನ್ನದೇ ಒಡವೆ ತೆಗೆದುಕೊಂಡದ್ದು ಅವಳ ಮೊದಲ ಕಳ್ಳತನವಂತೆ. ಗಗನಸಖಿಯ ಕಥೆಗಿಂತ ಇದು ನೂರು ಪಾಲು ನಂಬುವಂತಿದೆ. ಬದಲಾಗುವ ನಿರ್ಧಾರವಾದರೂ ಅವಳದೇ ಆಯಿತಲ್ಲ.

ಮುಖ್ಯ ಕಥೆಯಲ್ಲಿ ಮದುವೆಯ ಮಾತು ಬಂದದ್ದು 2017ರಲ್ಲಿ, ಟಾಮ್ ಕಿಂಗ್ ಬರೆಯುತ್ತಿದ್ದಾಗ. ಮುಂದಿನ ವರ್ಷ ಜುಲೈಗೆ ಲಗ್ನದ ಸಂಚಿಕೆ, ಭರ್ಜರಿ ಪ್ರಚಾರ. ಬ್ಯಾಟ್‌ಮನ್ ಸುಖವಾಗಿದ್ದರೆ ಬ್ಯಾಟ್‌ಮನ್ನಾಗಿ ಉಳಿಯಲಾರ ಎಂದು ಸೆಲೀನಾ ಮದುವೆಗೇ ಬರಲಿಲ್ಲ. ಈ ಗುಟ್ಟನ್ನೂ ಪತ್ರಿಕೆಯೇ ಒಡೆಯಿತು: ಸಂಚಿಕೆ ಅಂಗಡಿಗೆ ಬರುವ ಮೊದಲೇ ‘ನ್ಯೂಯಾರ್ಕ್ ಟೈಮ್ಸ್’ ಮದುವೆ ಮುರಿದದ್ದನ್ನು ಬರೆದುಬಿಟ್ಟಿತ್ತು.