ನಂಜನಗೂಡು ಯಾವ ಲೆಕ್ಕಕ್ಕೆ?

ನಮ್ಮೂರಲ್ಲಿ ವಯಸ್ಕರ ಶಿಕ್ಷಣ ಅಂದ್ರೆ ರಾತ್ರಿಶಾಲೆ. ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮಜ್ಜಿ ಸಹಿ ಕಲಿತಿದ್ದು ಅಲ್ಲೇ. ಡೆನ್ಮಾರ್ಕಿನಲ್ಲಿ ಅದೇ ಮಾತಿಗೆ ಬೇರೆ ಅರ್ಥ. 1844ರಲ್ಲಿ ರೋಡಿಂಗ್‌ನಲ್ಲಿ ಶುರುವಾದ ಜನತಾ ಪ್ರೌಢಶಾಲೆಗೆ ಬಂದವರು ಓದು ಬಲ್ಲ ರೈತರ ಮಕ್ಕಳು. ಅಲ್ಲೇ ಉಳಿದು ಚರಿತ್ರೆ, ಹಾಡು, ಚರ್ಚೆ. ಪರೀಕ್ಷೆ ಇಲ್ಲ! ಹಾಗಾದ್ರೆ ಎರಡು ದೇಶಗಳ ಲೆಕ್ಕ ಪಕ್ಕಪಕ್ಕ ಇಡೋದು ಹೇಗೆ? 1966ರಲ್ಲಿ ಅಮೆರಿಕದ ಎಕ್ಸೆಟರ್‌ನಲ್ಲಿ ಹಲವು ದೇಶಗಳ ವಿದ್ವಾಂಸರು ಸೇರಿ ತಲೆಕೆಡಿಸಿಕೊಂಡದ್ದು ಇಂಥ ಹೋಲಿಕೆಗೇ. ಮುಂದೆ ಜರ್ಮನಿಯ ಯೋಸ್ಟ್ ರೈಶ್‌ಮನ್ ಅದಕ್ಕೆಂದೇ ಇದ್ದ ಅಂತರರಾಷ್ಟ್ರೀಯ ಸಂಘವನ್ನು ಮುನ್ನಡೆಸಿದರು.

ಮೈಸೂರಿನವರು ಇವರಿಗೆಲ್ಲ ಕಾಯಲಿಲ್ಲ ಅನ್ನಿ. ಎಕ್ಸೆಟರ್ ಸಭೆಗೂ ಮೊದಲೇ ಡೆನ್ಮಾರ್ಕಿನ ಮಾದರಿ ನೋಡಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದಿದ್ದರು. ಹಳ್ಳಿ ಹುಡುಗರು ಅಲ್ಲೇ ತಂಗಿ ಕಲಿಯುತ್ತಿದ್ದರು. ಸಹಿ ಕಲಿತವರನ್ನಷ್ಟೇ ಎಣಿಸಿದರೆ ಅಜ್ಜಿ ಲೆಕ್ಕಕ್ಕೆ ಸಿಗ್ತಾಳೆ, ಆ ಹುಡುಗರು ಸಿಗಲ್ಲ.