ಹಲ್ಲು ಕಿತ್ತ ಗಾಯವೂ ಸಕ್ಕರೆಯ ಭಯವೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಶುಗರ್ ಇದ್ದವರಿಗೆ ಸಿಗುವ ಪುಕ್ಕಟೆ ಸಲಹೆಗಳಲ್ಲಿ ಒಂದು, ಹಲ್ಲು ಕೀಳಿಸಬೇಡಿ, ಗಾಯ ಮಾಯುವುದಿಲ್ಲ ಎಂಬುದು. ಈ ಭಯ ನಿನ್ನೆ ಮೊನ್ನೆಯದಲ್ಲ. ಮಧುಮೇಹಿಗಳ ವ್ರಣ ಕಷ್ಟದಿಂದ ವಾಸಿಯಾಗುತ್ತದೆ ಎಂದು ಸುಶ್ರುತ ಸಂಹಿತೆಯೇ ಹೇಳುತ್ತದೆ. ಮೇಲ್ದವಡೆಯ ಹಲ್ಲು ಕಿತ್ತರೆ ರಕ್ತ ವಿಪರೀತ ಹೋದೀತೆಂಬ ಎಚ್ಚರಿಕೆಯೂ ಅಲ್ಲಿದೆ. ಎರಡನ್ನೂ ಕೂಡಿಸಿದರೆ ನಮ್ಮ ಊರುಮನೆಯ ಸಲಹೆ ಸಿದ್ಧವಾಗುತ್ತದೆ. ಆದರೆ ಕಳೆದ ನೂರು ವರ್ಷಗಳಲ್ಲಿ ವೈದ್ಯವಿಜ್ಞಾನ ಈ ಭಯವನ್ನು ಬಿಡಿಸಿ ನೋಡಿದೆ. ಗಾಯ ಮಾಯದಿರುವುದಕ್ಕೆ ಕಾರಣ ರೋಗದ ಹೆಸರಲ್ಲ. ಹಿಡಿತ ತಪ್ಪಿದ ಸಕ್ಕರೆ, ಕೊಳೆತ ಹಲ್ಲನ್ನು ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಂಡದ್ದು, ಕಿತ್ತ ಮೇಲಿನ ಮೊದಲ ವಾರದ ಅಲಕ್ಷ್ಯ. ಈ ಮೂರೂ ತಿದ್ದಬಹುದಾದವು ಎಂಬುದೇ ಈ ಲೇಖನದ ವಾದ.

1922ಕ್ಕೆ ಮುಂಚೆ ಭಯಕ್ಕೆ ಅರ್ಥವಿತ್ತು. ಆ ವರ್ಷ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಮೊದಲ ಬಾರಿಗೆ ಮನುಷ್ಯನ ಮೈಸೇರುವವರೆಗೆ ಸಕ್ಕರೆ ಇಳಿಸುವ ನಂಬಿಗಸ್ತ ದಾರಿಯೇ ಇರಲಿಲ್ಲ. 1940ರ ದಶಕದಲ್ಲಿ ಪೆನಿಸಿಲಿನ್ ಕೈಗೆ ಬಂತು, ಸೋಂಕಿಗೂ ಮದ್ದು ಸಿಕ್ಕಿತು. ಆದರೂ ದಂತವೈದ್ಯರ ಅಂಜಿಕೆ ಕರಗಲಿಲ್ಲ, ಏಕೆಂದರೆ ಕುರ್ಚಿಯಲ್ಲಿ ಕೂತ ರೋಗಿಯ ಸಕ್ಕರೆ ಹಿಂದಿನ ತಿಂಗಳುಗಳಲ್ಲಿ ಹೇಗಿತ್ತೆಂದು ತಿಳಿಯುವ ಉಪಾಯವಿರಲಿಲ್ಲ. ಇರಾನಿನ ವೈದ್ಯ ಸ್ಯಾಮ್ಯುಯೆಲ್ ರಹಬರ್ 1960ರ ದಶಕದ ಕೊನೆಗೆ ಮಧುಮೇಹಿಗಳ ಹಿಮೋಗ್ಲೋಬಿನ್‌ನಲ್ಲಿ ಗುರುತಿಸಿದ ವ್ಯತ್ಯಾಸವೇ ಮುಂದೆ ಎಚ್‌ಬಿಎ1ಸಿ ಪರೀಕ್ಷೆಯಾಯಿತು. ಅದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ಹೇಳುತ್ತದೆ. ಹಿಂದಿನ ದಿನ ಪಥ್ಯ ಮಾಡಿ ಬಂದವರ ಜಾಣತನ ಅದರ ಮುಂದೆ ನಡೆಯುವುದಿಲ್ಲ. ಮಧುಮೇಹಿಗಳೆಲ್ಲ ಒಂದೇ ಗುಂಪು ಎಂಬ ಎಣಿಕೆ ಅಲ್ಲಿಗೆ ಒಡೆಯಿತು. ಹತೋಟಿಯಲ್ಲಿ ಇರುವವರು ಬೇರೆ, ಇಲ್ಲದವರು ಬೇರೆ ಎಂದಾಯಿತು.

ಹಲ್ಲು ಕಿತ್ತ ಗುಳಿಯೊಳಗೆ ಏನು ನಡೆಯುತ್ತದೆ ಎಂಬುದೂ ಅದೇ ಕಾಲಕ್ಕೆ ಸ್ಪಷ್ಟವಾಯಿತು. ಮನುಷ್ಯರ ದವಡೆಯ ಗುಳಿಗಳನ್ನೇ ಅಭ್ಯಾಸ ಮಾಡಿದ ಆಮ್ಲರ್ ಅವರ 1969ರ ಬರಹ ಇಂದಿಗೂ ಆಧಾರ. ಮೊದಲು ರಕ್ತ ಹೆಪ್ಪುಗಟ್ಟಿ ಗುಳಿ ತುಂಬುತ್ತದೆ. ವಾರದೊಳಗೆ ಆ ಹೆಪ್ಪಿನ ಜಾಗಕ್ಕೆ ಎಳೆಯ ಮಾಂಸ ಬರುತ್ತದೆ. ಮೇಲುಚರ್ಮ ಪೂರ್ತಿ ಮುಚ್ಚಲು ಮೂರೂವರೆಯಿಂದ ಐದು ವಾರ ಬೇಕು. ಒಳಗಿನ ಮೂಳೆಗೆ ಅದಕ್ಕಿಂತ ಹೆಚ್ಚು. ಅಂದರೆ ಮೊದಲ ವಾರದ ಹೆಪ್ಪೇ ಎಲ್ಲದರ ಅಡಿಪಾಯ. ಅದು ಕರಗಿ ಮೂಳೆ ಬಯಲಾದರೆ ಆಗುವ ಅಸಾಧ್ಯ ನೋವಿಗೆ 'ಡ್ರೈ ಸಾಕೆಟ್' ಎಂಬ ಹೆಸರು ಬಿದ್ದದ್ದು 1896ರಲ್ಲಿ. ಸಕ್ಕರೆ ಏರಿದಾಗ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಮಂದವಾಗುತ್ತವೆ, ಸಣ್ಣ ರಕ್ತನಾಳಗಳ ಗೋಡೆ ದಪ್ಪಗಾಗಿ ಗಾಯಕ್ಕೆ ಬೇಕಾದ ಆಮ್ಲಜನಕ ತಲುಪುವುದಿಲ್ಲ, ಹೊಸ ಕೊಲಾಜನ್ ನಾರು ಕೂಡುವುದು ತಡವಾಗುತ್ತದೆ. ಇದು ನಿಜ, ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇರುವುದು ಯಾವ ಮಟ್ಟದ ಸಕ್ಕರೆಯಲ್ಲಿ ಎಂಬುದರಲ್ಲಿ.

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಗಾಸ್ ಮತ್ತು ಸಂಗಡಿಗರು ಆ ಪ್ರಶ್ನೆಯನ್ನೇ ಹಿಡಿದರು. ಮಾತ್ರೆ ನುಂಗುವ ಟೈಪ್ 2 ಮಧುಮೇಹಿಗಳು ಇನ್ನೂರಕ್ಕೂ ಹೆಚ್ಚು, ಮಧುಮೇಹ ಇಲ್ಲದವರು ಅಷ್ಟೇ. ಎರಡೂ ಗುಂಪಿನವರ ಗುಳಿಗಳನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಾಯುವಿಕೆಯಲ್ಲಿ ಗಣನೀಯ ಅಂತರ ಕಾಣಲಿಲ್ಲ. ಇದಕ್ಕೆ ಆಕ್ಷೇಪ ಸುಲಭ: ಅವರು ಔಷಧಿ ತಪ್ಪದವರು, ಆಸ್ಪತ್ರೆ ಹತ್ತಿರವಿದ್ದವರು, ಹೆಚ್ಚಿನವರ ಸಕ್ಕರೆ ಅಂಕೆಯಲ್ಲಿತ್ತು, ಮಲೆನಾಡಿನ ರೋಗಿಗೆ ಇದು ಹೇಗೆ ಹೊಂದೀತು? ಆಕ್ಷೇಪ ಸರಿಯೇ. ಆದರೆ ಅದು ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಅಂಕೆಯಲ್ಲಿದ್ದವರಿಗೆ ಗಾಯ ಎಲ್ಲರಂತೆ ಮಾಯುತ್ತದೆ ಎಂದಾದರೆ, ನಮ್ಮ ಕೆಲಸ ಹಲ್ಲು ಕೀಳದಿರುವುದಲ್ಲ, ಸಕ್ಕರೆಯನ್ನು ಅಂಕೆಗೆ ತರುವುದು.

ಹಾಗಾದರೆ ಸಕ್ಕರೆ ಇಳಿಯುವ ತನಕ ಕಾಯೋಣ ಎನ್ನುವವರಿದ್ದಾರೆ. ತುರ್ತಿಲ್ಲದ ಹಲ್ಲಾದರೆ ಕೆಲವು ವಾರ ಕಾಯುವುದು ಸರಿ. ರಕ್ತದ ಸಕ್ಕರೆ 200 ದಾಟಿದ್ದರೆ ಅನೇಕ ವೈದ್ಯರು ಮುಂದೂಡುತ್ತಾರೆ. ಆದರೆ ಕೀವು ತುಂಬಿದ ಹಲ್ಲು ತಾನೇ ಸಕ್ಕರೆಯನ್ನು ಏರಿಸುತ್ತದೆ. ವಸಡು ರೋಗ ಮಧುಮೇಹದ ಆರನೆಯ ತೊಡಕು ಎಂದು ವಸಡು ತಜ್ಞ ಹರಾಲ್ಡ್ ಲೋ 1993ರಲ್ಲಿ ಬರೆದರು; ವಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.43 ಅಂಶ ಇಳಿಯುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡುವ ಕೊಕ್ರೇನ್ ಸಮೀಕ್ಷೆ 2022ರಲ್ಲಿ ಲೆಕ್ಕ ಹಾಕಿತು. ಸೋಂಕನ್ನು ಒಳಗಿಟ್ಟುಕೊಂಡು ಸಕ್ಕರೆ ಇಳಿಯಲಿ ಎಂದು ಕಾಯುವುದು ಒಲೆ ಉರಿಸುತ್ತಲೇ ಹಾಲು ಆರಲಿ ಎಂದಂತೆ. ಊದಿಕೊಂಡ ದವಡೆ, ಜ್ವರ, ಬಾಯಿ ತೆರೆಯಲಾಗದ ಸ್ಥಿತಿ ಇದ್ದರೆ ದಂತವೈದ್ಯರೂ ಸಕ್ಕರೆಯ ವೈದ್ಯರೂ ಒಟ್ಟಿಗೆ ಕೂರಬೇಕು, ಸರದಿಯಲ್ಲಲ್ಲ.

ಮದ್ದುಗಳ ಕಡೆಯ ಬೆಳವಣಿಗೆಯಲ್ಲಿ ಸದ್ದು ಹೆಚ್ಚು. ಫ್ರಾನ್ಸಿನ ಶುಕ್ರುನ್ 2001ರಲ್ಲಿ ಪರಿಚಯಿಸಿದ ಪಿಆರ್‌ಎಫ್ ವಿಧಾನದಲ್ಲಿ ರೋಗಿಯದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಬರುವ ನಾರಿನ ಹೆಪ್ಪನ್ನು ಗುಳಿಗೆ ತುಂಬುತ್ತಾರೆ. ನೋವು ಕಡಿಮೆಯಾಗಲು, ಮೇಲುಚರ್ಮ ಬೇಗ ಮುಚ್ಚಲು ಇದು ಸಹಾಯಕ ಎಂದು ಸಣ್ಣ ಪ್ರಯೋಗಗಳು ಹೇಳುತ್ತವೆ. ಮೂಳೆಯ ವಿಷಯದಲ್ಲಿ ಸಾಕ್ಷ್ಯ ತೆಳು. ಕಡಿಮೆ ಶಕ್ತಿಯ ಲೇಸರ್ ಕಥೆಯೂ ಹೆಚ್ಚುಕಡಿಮೆ ಹಾಗೆಯೇ. ಹಲ್ಲು ಕಿತ್ತವರಿಗೆಲ್ಲ ಆಂಟಿಬಯೋಟಿಕ್ ಕೊಡುವ ನಮ್ಮ ಅಭ್ಯಾಸ ತಿದ್ದಿಕೊಳ್ಳುವಂಥದು. 2021ರ ಕೊಕ್ರೇನ್ ಸಮೀಕ್ಷೆ ಪ್ರಕಾರ ಆರೋಗ್ಯವಂತರಲ್ಲಿ ಒಂದು ಸೋಂಕು ತಪ್ಪಿಸಲು ಸುಮಾರು 19 ಜನರಿಗೆ ಮದ್ದು ಕೊಡಬೇಕು; ಹತೋಟಿಯಲ್ಲಿರುವ ಮಧುಮೇಹಿಗೂ ಅದೇ ವಿವೇಚನೆ ಸಾಕು, ಹತೋಟಿ ತಪ್ಪಿದವರಿಗೆ ಮಾತ್ರ ವೈದ್ಯರು ಬೇರೆ ಲೆಕ್ಕ ಹಾಕಬೇಕು. ನನ್ನ ತೀರ್ಮಾನ: ಹೆಪ್ಪಿನ ಯಂತ್ರವೋ ಲೇಸರೋ ಇದ್ದರೆ ಒಳ್ಳೆಯದು, ಇಲ್ಲವೆಂದು ರೋಗಿಯನ್ನು ವಾಪಸು ಕಳಿಸಬೇಕಿಲ್ಲ. ಅರ್ಧಗಂಟೆ ಒತ್ತಿಟ್ಟ ಹತ್ತಿ, ಬೇಕಿದ್ದಲ್ಲಿ ಒಂದು ಹೊಲಿಗೆ, ಹಲ್ಲು ಕೀಳುವ ದಿನ ಬೆಳಿಗ್ಗೆ ಗ್ಲೂಕೋಮೀಟರಿನಲ್ಲಿ ಒಂದು ಹನಿ ರಕ್ತ, ಇವು ಅಗ್ಗದವು, ಇವೇ ಹೆಚ್ಚು ಕೆಲಸ ಮಾಡುವವು.

ನಮ್ಮ ಕಡೆಯ ನಿಜವಾದ ತೊಡಕು ಎರಡು: ಎಲೆ, ಅಡಿಕೆ, ಹೊಗೆಸೊಪ್ಪಿನ ಕವಳ ಮತ್ತು ದೂರ. ಅಡಿಕೆಯ ರಸ ವಸಡಿನ ಜೀವಕೋಶಗಳಿಗೆ ವಿಷವಾಗುತ್ತದೆಂದು ಪ್ರಯೋಗಾಲಯಗಳಲ್ಲಿ ತಿಳಿದಿದೆ. ಹೊಗೆಸೊಪ್ಪು ರಕ್ತನಾಳಗಳನ್ನು ಬಿಗಿಯುತ್ತದೆ. ವರ್ಷಗಟ್ಟಲೆ ಜಗಿದವರಲ್ಲಿ ಬಾಯೇ ಸಣ್ಣದಾಗಿ ಹಲ್ಲು ಕೀಳುವ ಕೆಲಸವೂ ಕಷ್ಟ. ಅಡಿಕೆಯೇ ಅನ್ನ ಕೊಡುವ ನಾಡಿನಲ್ಲಿ ಈ ಮಾತು ರುಚಿಸದಿರಬಹುದು. ಆದರೆ ಬೆಳೆಯುವುದು ಬೇರೆ, ಹಸಿ ಗಾಯದ ಮೇಲೆ ಜಗಿಯುವುದು ಬೇರೆ. ಇನ್ನು ದೂರ. ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ಬೆಂಬಲದ ಅಧ್ಯಯನ 2023ರಲ್ಲಿ ಹೇಳಿತು, ಹಳ್ಳಿಗಳಲ್ಲೂ ವಯಸ್ಕರಲ್ಲಿ ನೂರಕ್ಕೆ ಒಂಬತ್ತರಷ್ಟು. ಆಗುಂಬೆಯ ಮಳೆಯಲ್ಲಿ, ನಗರ ಹೋಬಳಿಯ ಕಾಡುದಾರಿಯಲ್ಲಿ, ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ ಇರುವವರಿಗೆ ಎರಡನೆಯ ಭೇಟಿ ಎಂದರೆ ಒಂದು ದಿನದ ಕೂಲಿ, ಅಡಿಕೆಯ ಕೊನೆಕೊಯ್ಲಿನ ಸಮಯದಲ್ಲಂತೂ ಅಸಾಧ್ಯ. ಆ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ 2025ರ ಜುಲೈಯಲ್ಲಿ ತೆರೆದದ್ದರಿಂದ ಲಾಂಚ್ ಕಾಯುವುದು ತಪ್ಪಿತು, ಆದರೆ ಎಲ್ಲ ಊರಿಗೂ ಸೇತುವೆ ಇಲ್ಲ. ತಾಲೂಕು ಆಸ್ಪತ್ರೆಯ ದಂತ ವಿಭಾಗ ಮತ್ತು ಮಧುಮೇಹ ತಪಾಸಣೆ ಒಂದೇ ದಿನ ನಡೆಯುವಂತೆ ಮಾಡಿದರೆ, ಏಳನೆಯ ದಿನದ ಗಾಯವನ್ನು ಆಶಾ ಕಾರ್ಯಕರ್ತೆಯ ಫೋನಿನ ಚಿತ್ರದಲ್ಲೇ ವೈದ್ಯರು ನೋಡುವಂತಾದರೆ, ಯಾವ ಲೇಸರಿಗಿಂತಲೂ ಹೆಚ್ಚು ಗಾಯಗಳು ಮಾಯುತ್ತವೆ.

ಶುಗರ್ ಇದ್ದವರು ಇಷ್ಟು ಮಾಡಿ: ಹಲ್ಲು ಕೀಳಿಸಲು ಬೆಳಗಿನ ತಿಂಡಿ, ಮಾತ್ರೆ ಬಿಡದೆ ಹೋಗಿ, ಉಪವಾಸವಿದ್ದು ಹೋದರೆ ಸಕ್ಕರೆ ಕುಸಿಯುವ ಅಪಾಯವೇ ಹೆಚ್ಚು. ಮೊದಲ ದಿನ ಬಾಯಿ ಮುಕ್ಕಳಿಸಬೇಡಿ, ಮರುದಿನದಿಂದ ಉಪ್ಪುನೀರು ಸಾಕು. ಗಾಯ ಮುಚ್ಚುವ ತನಕ ಕವಳ, ಬೀಡಿ ಬೇಡ. ಎರಡು ವಾರವಾದರೂ ಗುಳಿಯಲ್ಲಿ ಮೂಳೆ ಕಂಡರೆ, ಅಂಗುಳಿನಲ್ಲಿ ಕಪ್ಪು ಬಣ್ಣ ಬಂದರೆ ಅಥವಾ ಕೆನ್ನೆ ಜೋಮು ಹಿಡಿದರೆ, 2021ರಲ್ಲಿ ಕಂಡ ಕಪ್ಪು ಶಿಲೀಂಧ್ರ ರೋಗ ಹಲವರಲ್ಲಿ ಹೀಗೆಯೇ ಶುರುವಾಗಿತ್ತೆಂದು ನೆನೆದು, ಮನೆಮದ್ದಿಗೆ ನಿಲ್ಲದೆ ಅದೇ ದಿನ ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಗೆ ಹೊರಡಿ.