ಪುಣೆಯಲ್ಲಿ ಮನೆ ಸಿಂಗರಿಸಿ ಮಾರೋ ಕತೆ: ದಿಲ್ಲಿ ದರವಾಜಾದಿಂದ ಸ್ಯಾಂಪಲ್ ಫ್ಲ್ಯಾಟ್‌ವರೆಗೆ

ವಾಕಡ್, ಬಾಣೇರ್, ಖರಾಡಿ ಕಡೆ ಹತ್ತು ಹನ್ನೆರಡು ವರ್ಷದ ಹಿಂದೆ ಟೂ ಬಿಎಚ್‌ಕೆ ತಗೊಂಡ ನಮ್ಮವರಲ್ಲಿ ಕೆಲವರು ಈಗ ಅದನ್ನ ಮಾರಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಡೋ ಲೆಕ್ಕದಲ್ಲಿದ್ದಾರೆ. ಬ್ರೋಕರ್ ಮೊದಲು ಹೇಳೋದು ಒಂದೇ ಮಾತು: "ಸ್ವಲ್ಪ ಸ್ಟೇಜಿಂಗ್ ಮಾಡಿಸಿ ಸರ್." ಗೋಡೆಗೆ ಪೇಂಟು, ಅರ್ಧ ಸಾಮಾನು ಹೊರಗೆ, ಬಿಳಿ ಪರದೆ, ಹಳದಿ ಲೈಟು. ಸ್ಟೇಜಿಂಗ್ ಅನ್ನೋ ಪದದ ಜೊತೆ ಅಮೆರಿಕದ ಬಾರ್ಬ್ ಶ್ವಾರ್ಟ್ಸ್ ಅನ್ನುವವರ ಹೆಸರು, 1972ನೇ ಇಸವಿ ಕೇಳಿಬರುತ್ತೆ. ಪದ ಅಲ್ಲಿಂದ ಬಂದಿರಲಿ. ನೋಡೋರಿಗೋಸ್ಕರ ಮನೆ ಸಜ್ಜು ಮಾಡೋ ವಿದ್ಯೆ ಮಾತ್ರ ಪುಣೆಗೆ ಹಳೇದು.

ಶನಿವಾರವಾಡೆಗೆ ಹೋದೋರೆಲ್ಲ ದಿಲ್ಲಿ ದರವಾಜಾದ ಮುಂದೆ ಫೋಟೊ ತೆಗೆಸಿಕೊಂಡಿರ್ತೀರಿ. 1730ರ ಜನವರಿಯಲ್ಲಿ ಒಂದನೇ ಬಾಜಿರಾಯ ಪಾಯ ಹಾಕಿಸಿದ, 1732ರಲ್ಲಿ ಗೃಹಪ್ರವೇಶ. ಉತ್ತರಕ್ಕೆ ಮುಖ ಮಾಡಿದ ಆ ಬಾಗಿಲು, ಆನೆ ಗುದ್ದಬಾರದು ಅಂತ ಹೊಡೆದ ಮೊಳೆಗಳು, ಮೇಲೆ ನಗಾರಖಾನೆ: ಒಳಗೆ ಕಾಲಿಡೋ ಮುಂಚೆಯೇ ಬಂದವನಿಗೆ ಯಜಮಾನ ಯಾರು ಅಂತ ಗೊತ್ತಾಗಬೇಕು. ಒಳಗಿದ್ದ ಗಣೇಶ ಮಹಲು ಕೂಡ ತೋರಿಸೋಕೇ ಕಟ್ಟಿದ್ದು. 1790ರಲ್ಲಿ ಇಂಗ್ಲಿಷರ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್ ಪೇಶ್ವೆಯ ಜೊತೆ ಟಿಪ್ಪುವಿನ ವಿರುದ್ಧ ಒಪ್ಪಂದ ಮಾಡಿಕೊಂಡ ದರ್ಬಾರನ್ನ ಥಾಮಸ್ ಡೇನಿಯಲ್ ಆಮೇಲೆ ಚಿತ್ರವಾಗಿ ಬರೆದ. 1828ರ ಬೆಂಕಿಯಲ್ಲಿ ಒಳಗಿನ ಮನೆ ಸುಟ್ಟುಹೋಯ್ತು. ಉಳಿದಿರೋದು ಕೋಟೆಗೋಡೆ ಮತ್ತು ಬಾಗಿಲು. ಅಂದ್ರೆ ವಾಸದ ಭಾಗ ಹೋಗಿ ತೋರಿಕೆಯ ಭಾಗ ಉಳೀತು!

ಉತ್ತರ ಕರ್ನಾಟಕದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ದೇಸಾಯರ ವಾಡೆ ನೋಡಿದೋರಿಗೆ ಪಡಸಾಲೆ ಯಾರಿಗೆ, ನಡುಮನೆ ಯಾರಿಗೆ ಅಂತ ಗೊತ್ತು. ಪುಣೆಯ ಪೇಠೆಗಳ ವಾಡೆಯಲ್ಲೂ ಅದೇ ಲೆಕ್ಕ. ಮುಂದಿನ ಚೌಕ ಮತ್ತು ದಿವಾಣಖಾನೆ ಹೊರಗಿನೋರಿಗೆ, ಹಿಂದಿನ ಚೌಕ ಮನೆ ಹೆಂಗಸರಿಗೆ, ಅಡುಗೆಗೆ, ಬಾವಿಗೆ. 1807ರ ಸುಮಾರಿಗೆ ಎರಡನೇ ಬಾಜಿರಾಯ ಕಟ್ಟಿಸಿದ ವಿಶ್ರಾಮಬಾಗ್ ವಾಡೆಯ ರಸ್ತೆ ಕಡೆ ಮುಖ ನೋಡಿ: ಮರದ ಕೆತ್ತನೆಯೆಲ್ಲ ಅಲ್ಲೇ. ಆದ್ರೆ ಈ ಸಿಂಗಾರ ಮರ್ಯಾದೆಗೆ, ಗಿರಾಕಿಗಲ್ಲ. ನೋಡೋಕೆ ಬಂದವನು ಮನೆ ಕೊಳ್ಳೋಕೆ ಬಂದವನಲ್ಲ.

ಗಿರಾಕಿ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ, ಅದೂ ವಾಡೆಗಳ ಮುಖ ಕಳೆಗುಂದಿದ ಮೇಲೆ. ಒಂದೊಂದು ವಾಡೆಯಲ್ಲಿ ಹತ್ತಾರು ಬಾಡಿಗೆ ಸಂಸಾರ. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನ ಕಟ್ಟಿಹಾಕಿತು. ಬರೋ ದುಡ್ಡಲ್ಲಿ ಹೆಂಚು ಬದಲಿಸೋಕೂ ಆಗದ ಮಾಲೀಕ ರಿಪೇರಿ ಕೈಬಿಟ್ಟ. 1961ರ ಜುಲೈ 12ಕ್ಕೆ ಪಾನಶೇತ್ ಅಣೆಕಟ್ಟು ಒಡೆದು ನದಿದಂಡೆಯ ಪೇಠೆಗಳಿಗೆ ನೀರು ನುಗ್ಗಿತು. ಆಮೇಲೆ ವಾಡೆ ಮಾರಿದೋರು ಮಾರಿದ್ದು ಕೆತ್ತನೆಯನ್ನಲ್ಲ, ಕೆಳಗಿನ ಜಾಗವನ್ನ. ಕೊಂಡವನಿಗೆ ಕೆತ್ತನೆ ಒಡೆದುಹಾಕಬೇಕಾದ ಸಾಮಾನು, ಅಷ್ಟೆ.

ಅದೇ ಜಾಗದಲ್ಲಿ ಎದ್ದದ್ದು ಫ್ಲ್ಯಾಟು. ಫ್ಲ್ಯಾಟಿನ ವಿಚಿತ್ರ ಏನಂದ್ರೆ, ಕಟ್ಟೋ ಮೊದಲೇ ಮಾರಬಹುದು. ತೋರಿಸೋಕೆ ಮನೆಯೇ ಇಲ್ಲ, ಬರೀ ನಕ್ಷೆ ಮತ್ತು ಮಾತು. ಮಹಾರಾಷ್ಟ್ರದಲ್ಲಿ ಇದರಿಂದ ಎಷ್ಟು ರಗಳೆ ಆಯ್ತು ಅಂದ್ರೆ 1963ರಲ್ಲೇ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯ್ದೆ, ಎಲ್ಲರೂ ಮೋಫಾ ಅನ್ನೋದು, ತರಬೇಕಾಯ್ತು. ಫಿಟ್ಟಿಂಗು ಯಾವುದು, ಲಿಫ್ಟ್ ಇದೆಯೋ ಇಲ್ಲವೋ, ಬಿಲ್ಡರ್ ಬರೆದು ಕೊಡಬೇಕು.

ಆಮೇಲೆ ಬಂತು ಸ್ಯಾಂಪಲ್ ಫ್ಲ್ಯಾಟ್. ನೀವೂ ನೋಡಿರ್ತೀರಿ: ಒಳಬಾಗಿಲುಗಳೇ ಇರಲ್ಲ, ಗೋಡೆ ಇರಬೇಕಾದ ಕಡೆ ಗಾಜು, ಒಂದು ಕಡೆ ಉದ್ದಕ್ಕೂ ಕನ್ನಡಿ, ಮಂಚ ನಮ್ಮ ಮಂಚಕ್ಕಿಂತ ಸಣ್ಣದು. ಕಪಾಟು ಇರಲ್ಲ, ವಾಷಿಂಗ್ ಮಷೀನು ಇರಲ್ಲ, ಒಣಹಾಕಿದ ಬಟ್ಟೆ ಅಂತೂ ಇಲ್ಲವೇ ಇಲ್ಲ. ಇದನ್ನೇ ಗುರಿಯಿಟ್ಟು 2016ರ ರೇರಾ ಕಾಯ್ದೆಯ 12ನೇ ಕಲಮಿನಲ್ಲಿ ಜಾಹೀರಾತಿನ ಜೊತೆ ಮಾದರಿ ಫ್ಲ್ಯಾಟನ್ನೂ ಹೆಸರಿಸಿದ್ದಾರೆ. ಅದರಲ್ಲಿ ತೋರಿಸಿದ ಸುಳ್ಳನ್ನ ನಂಬಿ ಮುಂಗಡ ಕೊಟ್ಟು ನಷ್ಟ ಆದ್ರೆ ಬಿಲ್ಡರ್ ಪರಿಹಾರ ಕೊಡಬೇಕು. ದಿವಾಣಖಾನೆಗೆ ಕಾನೂನಿನ ಜವಾಬ್ದಾರಿ ಬಂತು ಅನ್ನಿ.

ಆದ್ರೆ ಗಮನಿಸಿ, ಆ ಕಲಮು ಬಿಲ್ಡರಿಗೆ. ನಿಮ್ಮ ಹಳೇ ಫ್ಲ್ಯಾಟ್ ನೀವು ಮಾರುವಾಗ ಲಾಗೂ ಆಗೋದು ಅದಕ್ಕಿಂತ ಬಹಳ ಹಳೇ ಪುಸ್ತಕ: 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬಾಂಬೆ ಪ್ರಾಂತ್ಯಕ್ಕೆ ಅದು ಜಾರಿಯಾದದ್ದು 1893ರಲ್ಲಿ. 55ನೇ ಕಲಮು ಏನು ಹೇಳುತ್ತೆ ಅಂದ್ರೆ, ಬೇರೆ ಕರಾರು ಇಲ್ಲದಿದ್ದರೆ, ಆಸ್ತಿಯಲ್ಲಿರೋ ದೊಡ್ಡ ದೋಷ ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದಿದ್ದು, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ಕಾಣದ್ದಾಗಿದ್ದರೆ, ಮಾರುವವನು ಹೇಳಲೇಬೇಕು. ಹೇಳದೇ ಹೋದರೆ ಅದು ವಂಚನೆ. ಕೊಳ್ಳುವವನು ಕೇಳಿದ ಪ್ರಶ್ನೆಗೆ ತನಗೆ ತಿಳಿದಷ್ಟು ಉತ್ತರವನ್ನೂ ಕೊಡಬೇಕು.

ಈಗ ಬ್ರೋಕರ್ ಮಾತಿಗೆ ಬನ್ನಿ. ಸಾಮಾನು ಕಮ್ಮಿ ಮಾಡೋದು, ದೀಪ ಹಚ್ಚೋದು, ಬಾಲ್ಕನಿಯಲ್ಲಿ ತುಳಸಿ ಇಡೋದು ಎಲ್ಲ ದಿವಾಣಖಾನೆ ಸಂಪ್ರದಾಯ, ಧಾರಾಳವಾಗಿ ಮಾಡಿ. ಮೂರು ಮಳೆಗಾಲದಿಂದ ಬೆಡ್‌ರೂಮಿನ ಪಶ್ಚಿಮದ ಗೋಡೆ ಒದ್ದೆಯಾಗ್ತಿದೆ, ಅದಕ್ಕೆ ಅಕ್ಟೋಬರಲ್ಲಿ ಪುಟ್ಟಿ ಹಚ್ಚಿ ವಾಲ್‌ಪೇಪರ್ ಅಂಟಿಸಿ ದಸರೆಗೆ ತೋರಿಸ್ತೀರಿ ಅಂದ್ರೆ, ಅದು ಸ್ಟೇಜಿಂಗ್ ಅಲ್ಲ, 55ನೇ ಕಲಮು ಹೇಳೋ ಅದೇ ದೋಷ. ನನ್ನ ಮಟ್ಟಿಗೆ ಸೀಪೇಜ್ ರಿಪೇರಿ ಮಾಡಿಸಿದ ಬಿಲ್ಲನ್ನ ಟೀಪಾಯಿ ಮೇಲಿಡೋದು ಪರದೆಗಿಂತ ಒಳ್ಳೆ ಅಲಂಕಾರ. ಬೇಸಿಗೆಯಲ್ಲಿ ಸೊಸೈಟಿಗೆ ಎಷ್ಟು ಟ್ಯಾಂಕರ್ ಬರುತ್ತೆ ಅಂತ ಕೇಳಿದರೆ ಮೆಂಟೆನೆನ್ಸ್ ಲೆಕ್ಕ ತೆಗೆದು ತೋರಿಸಿ.

ಕೊಳ್ಳೋ ಕಡೆ ಇರೋರಿಗೆ ಒಂದು ಮಾತು. ಇಲ್ಲಿನೋರಿಗೆ ಯುಗಾದಿ, ಅಕ್ಷಯ ತೃತೀಯ, ದಸರೆ, ಅರ್ಧ ಬಲಿಪಾಡ್ಯ ಸೇರಿ ಮೂರೂವರೆ ಮುಹೂರ್ತ. ಟೋಕನ್ ಬೇಕಾದರೆ ಅವತ್ತೇ ಕೊಡಿ. ಮನೆ ನೋಡೋಕೆ ಮಾತ್ರ ಜುಲೈನಲ್ಲಿ ಹೋಗಿ, ಜೋರು ಮಳೆ ಬಂದ ಮಾರನೇ ದಿನ.